ಹಂದಿಯ ಹೊಟ್ಟೆಗೆ ಖಾಕಿ ದಾರ

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಗಟ್ಟಿಯಿರಬೇಕು ಎನ್ನುತ್ತಾರೆ. ನಮ್ಮ ಟೈಲರ್‌ಗೆ ಅದಕ್ಕೇನೂ ಕೊರತೆಯಿರಲಿಲ್ಲ. ತಾನು ನಲವತ್ತು ಕಾಡುಹಂದಿ ಸುಲಿದವನು ಎಂದು ಹನ್ನೊಂದು ವರ್ಷದಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದ. ಮೈಮರೆತು ಒಮ್ಮೆಯೂ ಮೂವತ್ತೊಂಬತ್ತು ಎಂದವನಲ್ಲ, ಉತ್ಸಾಹ ಹೆಚ್ಚಾಗಿ ನಲವತ್ತೊಂದು ಎಂದವನೂ ಅಲ್ಲ. ಅವನಿಗೆ ಕೊರತೆಯಿದ್ದದ್ದು ಹಂದಿಯದು ಮಾತ್ರ. ಕಾಡುಹಂದಿಯನ್ನು ಅವನು ಹತ್ತಿರದಿಂದ ಕಂಡೇ ಇರಲಿಲ್ಲ.

ನಾನು ಅವನ ಪಕ್ಕದ ಅಂಗಡಿಯವನು, ಗಡಿಯಾರ ರಿಪೇರಿಯವನು. ನಮ್ಮಿಬ್ಬರ ನಡುವೆ ಒಂದು ಹಲಗೆಯ ಗೋಡೆ. ಅವನು ಗಿರಾಕಿಗಳಿಗೆ "ನಾಳೆ ಬನ್ನಿ, ಗ್ಯಾರಂಟಿ" ಎನ್ನುವುದನ್ನು ದಿನಕ್ಕೆ ಹತ್ತು ಸಲ ಕೇಳುತ್ತ, ನಾಳೆ ಎನ್ನುವುದಕ್ಕೆ ಗಡಿಯಾರದ ಶಾಸ್ತ್ರದಲ್ಲಿ ಅರ್ಥವೇ ಇಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ.

ಹಂದಿಯ ಸುಳ್ಳು ಹುಟ್ಟಿದ್ದು ಅವನು ಹೆಣ್ಣು ಕೇಳಲು ಹೋದ ದಿನ. ಹುಡುಗಿಯ ಅಪ್ಪ ಹೆಸರಾಂತ ಬೇಟೆಗಾರರು. ಹೊಲಿಯುವುದು ಬಿಟ್ಟು ಬೇರೇನು ಬರುತ್ತದೆ, ಹಂದಿಗಿಂದಿ ಸುಲಿದು ಗೊತ್ತೋ ಎಂದು ಕೇಳಿದರಂತೆ. ಟೈಲರ್ ಗಾಬರಿಯಲ್ಲಿ ತಲೆ ತಗ್ಗಿಸಿದ. ಅಳತೆ ಟೇಪು ಕುತ್ತಿಗೆಯಲ್ಲೇ ಉಳಿದುಹೋಗಿತ್ತು, ಕಣ್ಣಿಗೆ ಬಿದ್ದ ಅಂಕಿ ನಲವತ್ತು. ಬಾಯಿಗೂ ಅದೇ ಬಂತು. ಮದುವೆಯಾಯಿತು. ಅದೇ ವರ್ಷ ಸರ್ಕಾರ ಬೇಟೆಯನ್ನು ನಿಷೇಧಿಸಿತು. ಹೀಗೆ ಹನ್ನೊಂದು ವರ್ಷ ಸರ್ಕಾರವೇ ಅವನ ಸುಳ್ಳಿಗೆ ಕಾವಲು ನಿಂತಿತ್ತು. ಅತ್ತೆ ಮನೆಯಲ್ಲಿ ಅವನಿಗೆ ಸಿಗುತ್ತಿದ್ದ ಮರ್ಯಾದೆಯೆಲ್ಲ ಈ ನಲವತ್ತು ಹಂದಿಗಳ ಬೆನ್ನ ಮೇಲೆ ಕೂತಿತ್ತು.

ಈ ವರ್ಷ ಹಂದಿಗಳು ಆಲೂಗೆಡ್ಡೆ ಹೊಲಗಳನ್ನು ಉತ್ತು ಹಾಕಿಬಿಟ್ಟವು. ಹೊಲದವರ ಗಲಾಟೆ ತಾಳಲಾರದೆ ಸರ್ಕಾರ ಮನಸ್ಸು ಬದಲಾಯಿಸಿತು. ಒಂದು ಬಂದೂಕಿಗೆ ಒಂದು ಹಂದಿ ಹೊಡೆಯಬಹುದು. ಹೊಡೆದ ಒಂದು ಗಂಟೆಯೊಳಗೆ ಅಲ್ಲೇ ಹೊಟ್ಟೆ ಸೀಳಿ ಖಾಲಿ ಮಾಡಬೇಕು, ಇಲ್ಲವಾದರೆ ಮಾಂಸ ಕೆಡುತ್ತದೆ. ಚರ್ಮ ಸುಲಿಯದೆ ಹಾಗೇ ಮಾರ್ಕೆಟ್ಟಿನ ಶೆಡ್ಡಿಗೆ ತರಬೇಕು. ಇನ್ಸ್‌ಪೆಕ್ಟರ್ ನೋಡಿ ಚರ್ಮದ ಮೇಲೆ ಮೊಹರು ಒತ್ತಿದ ಮೇಲಷ್ಟೇ ಸುಲಿದು ಹಂಚಿಕೊಳ್ಳಬೇಕು ಎಂದು ಆಜ್ಞೆಯಾಯಿತು.

ಅನುಮತಿ ಚೀಟಿ ಮೊದಲು ಸಿಕ್ಕಿದ್ದು ಟೈಲರ್‌ನ ಹೆಂಡತಿಯ ಅಣ್ಣನಿಗೆ. ಇವನು ಅವನನ್ನು ಭಾವ ಎನ್ನುತ್ತಿದ್ದ, ಅವನೂ ಇವನನ್ನು ಭಾವ ಎನ್ನುತ್ತಿದ್ದ. ಓದುವವರಿಗೆ ತಲೆಕೆಡಬಾರದೆಂದು ಹೇಳಿಬಿಡುತ್ತೇನೆ: ಈ ಕಥೆಯಲ್ಲಿ ಭಾವ ಎಂದರೆ ಬಂದೂಕಿನವನು. ಟ್ರ್ಯಾಕ್ಟರ್ ಮೆಕ್ಯಾನಿಕ್, ಆರಡಿ ಆಳು, ಮಾತು ಕಡಿಮೆ. ಒಂದು ಬೆಳಗ್ಗೆ ಅವನು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ತಂದು ಹೊಲಿಗೆ ಯಂತ್ರದ ಮೇಲಿಟ್ಟ.

"ಅಪ್ಪನ ಚೂರಿ. ಅವರು ಹೋದ್ಮೇಲೆ ಬಿಚ್ಚೇ ಇಲ್ಲ. ಹೊಡೆಯೋದು ನಾನು, ಸೀಳೋದು ಸುಲಿಯೋದು ನೀವು. ನಲವತ್ತು ಸುಲಿದೋರು ಮನೇಲೇ ಇರುವಾಗ ನಾನು ಯಾರ ಕಾಲು ಹಿಡೀಲಿ ಭಾವ?"

ಟೈಲರ್‌ನ ಮುಖ ಇಸ್ತ್ರಿಗೆ ಮುಂಚಿನ ಅಂಗಿಯಂತಾಯಿತು. ಸೊಂಟನೋವು ಎಂದ. ಕೆಲಸ ತಲೆಮೇಲಿದೆ, ಇನ್ಸ್‌ಪೆಕ್ಟರ್ ಸಾಹೇಬರ ಎರಡನೇ ಪ್ಯಾಂಟು ಕೊಡಬೇಕು, ಆಗಲೇ ಮೂರು ವಾರ ತಡವಾಗಿದೆ ಎಂದ. ಮೂರು ವಾರ ತಡ ಎಂದು ಅವನ ಬಾಯಿಂದಲೇ ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಊಟದ ಡಬ್ಬಿ ತಂದ ಅವನ ಹೆಂಡತಿ, ಅಪ್ಪನ ಚೂರಿ ನೋಡಿ ಕಣ್ಣು ಒರೆಸಿಕೊಂಡು, "ಹೋಗಿ ಬನ್ರೀ, ನಮ್ಮಣ್ಣ ಯಾವತ್ತೂ ಯಾರ್ನೂ ಏನೂ ಕೇಳಿದೋನಲ್ಲ" ಎಂದಳು. ಅಲ್ಲಿಗೆ ಸೊಂಟನೋವು ವಾಸಿಯಾಯಿತು.

ಆ ದಿನವೇ ಅವನು ಸರ್ಕಾರಿ ಕಚೇರಿಯಿಂದ "ಬೇಟೆಯ ಹಂದಿಯನ್ನು ಶುಚಿಗೊಳಿಸುವ ಕ್ರಮ" ಎಂಬ ಕಿರುಪುಸ್ತಕವನ್ನು ತಂದ. ನಾಲ್ಕೇ ಹಾಳೆ. ಹಲಗೆಯ ಗೋಡೆಯಾಚೆ ಅವನು ಪಿಸುದನಿಯಲ್ಲಿ ಬಾಯಿಪಾಠ ಮಾಡುತ್ತಿದ್ದ. ಎರಡನೇ ದಿನ ಯಾರಿಗೋ ಅಂಗಿಯ ಗುಂಡಿ ಪೊಟ್ಟಣ ಕಟ್ಟಿಕೊಡುವಾಗ ಕೈಗೆ ಸಿಕ್ಕಿದ ಕಾಗದ ಹರಿದ. ಅದು ಪುಸ್ತಕದ ಕೊನೆಯ ಹಾಳೆಯಾಗಿತ್ತು. ಗುಂಡಿಯ ಜೊತೆ ಆ ಹಾಳೆಯಲ್ಲಿದ್ದ ವಿದ್ಯೆಯೂ ಯಾರದೋ ಮನೆಗೆ ಹೋಯಿತು.

ಬೇಟೆಗೆ ನನ್ನನ್ನೂ ಕರೆದರು. ಒಂದು ಗಂಟೆಯ ಗಡುವಿದೆಯಲ್ಲ, ಗಡಿಯಾರ ನೋಡುವುದಕ್ಕೆ. ಬೆಳಕು ಹರಿಯುವಾಗ ಆಲೂಗೆಡ್ಡೆ ಹೊಲದ ಬದುವಿನಲ್ಲಿ ಭಾವ ಒಂದೇ ಗುಂಡಿಗೆ ದೊಡ್ಡ ಗಂಡುಹಂದಿಯೊಂದನ್ನು ಉರುಳಿಸಿದ. ಬೆರಳುದ್ದದ ಕೋರೆ, ಪೊರಕೆಯಂಥ ಕೂದಲು. ನಾನು ಗಡಿಯಾರ ನೋಡಿದೆ. ಭಾವ ಹಂದಿಯ ಹಿಂಗಾಲು ಕಟ್ಟಿ, ಪೊದೆಯ ಹಿಂದಿನ ಮರದ ಕೊಂಬೆಗೆ ಏರಿಸಿ, ಚೂರಿಯ ಗಂಟನ್ನು ಎರಡೂ ಕೈಯಲ್ಲಿ ಟೈಲರ್‌ಗೆ ಕೊಟ್ಟ.

ಟೈಲರ್ ಹೆಂಡತಿಯ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಗಂಟಲು ಸರಿಮಾಡಿಕೊಂಡ. ಹಳೇ ಬೇಟೆಗಾರರ ಪದ್ಧತಿಯಲ್ಲಿ ಹೊಟ್ಟೆ ಸೀಳುವಾಗ ಬೇರೆಯವರ ನೆರಳು ಹಂದಿಯ ಮೇಲೆ ಬೀಳಕೂಡದು, ನೀವಿಬ್ಬರೂ ಬದುವಿನಾಚೆ ಹೋಗಿ, ಈ ಕಡೆ ಬೆನ್ನು ಮಾಡಿ ಕೂತಿರಿ ಎಂದು ಅಪ್ಪಣೆ ಮಾಡಿದ. ಭಾವ ಕೂಡಲೇ ಹೊರಟ. ಅವನ ಮುಖ ಬಿಳಿಚಿಕೊಂಡಿತ್ತು. ಅಪ್ಪನ ನೆನಪಾಗಿರಬೇಕು ಎಂದುಕೊಂಡೆ.

ಮುಂದಿನದಕ್ಕೆ ಸಾಕ್ಷಿ ನನ್ನ ಕಿವಿ ಮತ್ತು ಗಡಿಯಾರ ಮಾತ್ರ. ಮೂರನೇ ನಿಮಿಷ, ಹಾಳೆ ಮಗುಚಿದ ಸದ್ದು. ಒಂಬತ್ತನೇ ನಿಮಿಷ, ಯಾರೋ ಹಂದಿಯ ಹತ್ತಿರ ಕ್ಷಮೆ ಕೇಳಿದ ಹಾಗಿತ್ತು. ಹದಿನಾಲ್ಕನೇ ನಿಮಿಷ, ವಾಂತಿ. ಇಪ್ಪತ್ತರಿಂದ ಮೂವತ್ತರವರೆಗೆ ಕಚ ಕಚ ಎಂಬ ಸದ್ದು. ಚೂರಿಯಿಂದ ಅಂಥ ಸದ್ದು ಬರುವುದಿಲ್ಲ ಎಂದು ನನಗೆ ಹೊಳೆದದ್ದು ಬಹಳ ಆಮೇಲೆ. ನಲವತ್ತನೇ ನಿಮಿಷ ಗುಂಡಿ ತೋಡಿ ಮುಚ್ಚಿದ ಸದ್ದು. ಆಮೇಲೆ ಟೈಲರ್ ಸಣ್ಣಗೆ ಗುನುಗುತ್ತಿದ್ದ. ಹೊಲಿಗೆ ಸರಾಗವಾಗಿ ಬರುವಾಗ ಅವನು ಹಾಗೆ ಗುನುಗುವುದನ್ನು ನಾನು ಹಲಗೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಆದರೂ ತಲೆ ಓಡಲಿಲ್ಲ. ಐವತ್ತೇಳನೇ ನಿಮಿಷಕ್ಕೆ ಹಂದಿಯನ್ನು ಗೋಣಿಯಲ್ಲಿ ನೀಟಾಗಿ ಸುತ್ತಿ ಮುಗಿಸಿದ್ದ.

"ಆಯ್ತು. ನಲವತ್ತೊಂದು" ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಲೆಕ್ಕ ಮುಂದೆ ಹೋಗಿತ್ತು.

ಮಾರ್ಕೆಟ್ಟಿನ ಶೆಡ್ಡಿನಲ್ಲಿ ಆಗಲೇ ಅರ್ಧ ಬೀದಿ ಪಾತ್ರೆ ಹಿಡಿದು ನಿಂತಿತ್ತು. ಟೈಲರ್‌ನ ಹೆಂಡತಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ದೊಡ್ಡ ಪಾತ್ರೆಯೊಡನೆ. ಇನ್ಸ್‌ಪೆಕ್ಟರ್ ಮೊಹರು, ಶಾಯಿಯ ಡಬ್ಬಿ, ಮೂಗಿಗೆ ಕರವಸ್ತ್ರದ ಸಮೇತ ಬಂದರು. ಅವರು ಪ್ರಾಮಾಣಿಕರು; ಆದರೆ ಏನನ್ನೂ ಮುಟ್ಟುವವರಲ್ಲ, ಎಲ್ಲವನ್ನೂ ಒಂದು ಮಾರು ದೂರದಿಂದ ಪರಿಶೀಲಿಸುವವರು. ಬಂದವರೇ ಟೈಲರ್‌ನನ್ನು ಕಂಡು, ನೀನು ರಿಪೇರಿ ಮಾಡಿದ ಪ್ಯಾಂಟು ಕೂತರೆ ಚುಚ್ಚುತ್ತದಯ್ಯ, ಎರಡನೆಯದು ಎಲ್ಲಿ ಎಂದು ಕೇಳಿದರು. ನಾಳೆ, ಗ್ಯಾರಂಟಿ ಎಂದ ಟೈಲರ್.

ಗೋಣಿ ಸರಿಸಿದರು. ಹಂದಿಯ ಹೊಟ್ಟೆಯ ಮೇಲೆ, ಎದೆಯಿಂದ ಬಾಲದ ಬುಡದವರೆಗೆ, ಗೆರೆ ಹೊಡೆದ ಹಾಗೆ ನೇರವಾದ ಒಂದು ಹೊಲಿಗೆಯಿತ್ತು.

ಆಗಿದ್ದಿಷ್ಟು. ಪುಸ್ತಕ ನಿಂತದ್ದು "ಹೊಟ್ಟೆ ಖಾಲಿಯಾದ ನಂತರ ತೆರೆದ ಭಾಗವನ್ನು" ಎಂಬಲ್ಲಿಗೆ. ಗುಂಡಿಯ ಜೊತೆ ಹೋದ ಹಾಳೆಯಲ್ಲಿ "ಕಡ್ಡಿ ಕೊಟ್ಟು ಅಗಲಿಸಿ ಗಾಳಿಯಾಡಲು ಬಿಡಬೇಕು" ಎಂದಿತ್ತು. ತೆರೆದ ಭಾಗವನ್ನು ಏನು ಮಾಡಬೇಕೆಂದು ಒಬ್ಬ ಟೈಲರ್‌ಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ. ಜೇಬಿನಲ್ಲಿ ದಬ್ಬಳವಿತ್ತು, ಇನ್ಸ್‌ಪೆಕ್ಟರ್ ಪ್ಯಾಂಟಿನ ಖಾಕಿ ದಾರದ ಉಂಡೆಯಿತ್ತು. ಕೈ ತನ್ನ ಪಾಡಿಗೆ ತಾನು ಹೊಲಿದುಬಿಟ್ಟಿತ್ತು. ಹೊಲಿದ ವಿಷಯ ಆಗ ಗೊತ್ತಿದ್ದದ್ದು ಅವನೊಬ್ಬನಿಗೇ.

"ಇದೇನು?" ಎಂದರು ಇನ್ಸ್‌ಪೆಕ್ಟರ್.

ನೆರೆದವರ ಮುಖ ನೋಡಿದ ಕೂಡಲೆ ಟೈಲರ್‌ಗೆ ಎಡವಟ್ಟಾದದ್ದು ತಿಳಿಯಿತು. ಆಗಲೇ ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಲವತ್ತು ಹಂದಿ ಸುಲಿದವನು ನಲವತ್ತೊಂದನೆಯದನ್ನು ಹೊಲಿದೆ ಎಂದು ಭಾವನೆದುರು ಹೇಗೆ ಹೇಳುತ್ತಾನೆ? "ಕೆಲವು ಹಂದಿಗಳಿಗೆ ಹಾಗೇ ಇರುತ್ತೆ ಸಾರ್. ಹುಟ್ಟಿನಿಂದ" ಎಂದ.

ಹುಟ್ಟಿನಿಂದ ಖಾಕಿ ದಾರವೋ ಎಂದರು ಇನ್ಸ್‌ಪೆಕ್ಟರ್. ಅವರು ಒಂದು ಮಾರು ದೂರದಿಂದಲೇ ಹಂದಿಯನ್ನು ಒಂದು ಸುತ್ತು ಹಾಕಿ ತರ್ಕ ಮಾಡತೊಡಗಿದರು. ಹೊಟ್ಟೆ ಖಾಲಿ ಮಾಡಿದ ಹಂದಿಯ ಹೊಟ್ಟೆ ತೆರೆದಿರಬೇಕು. ಇದರದು ಮುಚ್ಚಿದೆ. ಅಂದಮೇಲೆ ಇದು ಯಾವಾಗಲೋ ಆದ ಆಪರೇಷನ್ನಿನ ಹೊಲಿಗೆ. ಕಾಡುಹಂದಿಗೆ ಯಾರೂ ಆಪರೇಷನ್ ಮಾಡಿಸುವುದಿಲ್ಲ. ಆದ್ದರಿಂದ ಇದು ಸಾಕಿದ ಹಂದಿ, ಬೇರೆಯವರ ಸೊತ್ತು, ಹೊಡೆದದ್ದು ಅಪರಾಧ. ಒಂದು ತಪ್ಪು ಕಲ್ಲಿನ ಮೇಲೆ ಇಷ್ಟು ಭದ್ರವಾದ ಮನೆ ಕಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೊಟ್ಟೆ ಬಿಚ್ಚಿ ನೋಡಿದರಾಯಿತಲ್ಲ ಎಂದ ಭಾವ. ಬಿಚ್ಚಿದರೆ ಸಾಕ್ಷ್ಯನಾಶ, ಪಶುವೈದ್ಯರು ಬರುವುದು ನಾಡಿದ್ದು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು, ಬಂದೂಕು ಇಲ್ಲಿಡಿ, ಲೈಸೆನ್ಸು ಇಲ್ಲಿಡಿ ಎಂದರು ಇನ್ಸ್‌ಪೆಕ್ಟರ್. ನಾಡಿದ್ದಿನವರೆಗೆ ಆ ಬಿಸಿಲಿನಲ್ಲಿ ಹಂದಿ ಹಂದಿಯಾಗಿ ಉಳಿಯುವುದಿಲ್ಲ ಎಂಬುದು ಪಾತ್ರೆ ಹಿಡಿದ ಎಲ್ಲರಿಗೂ ಗೊತ್ತಿತ್ತು. ನೊಣಗಳಿಗೆ ಅವರಿಗಿಂತ ಮೊದಲೇ ಗೊತ್ತಾಗಿತ್ತು.

ಭಾವ ಬಂದೂಕನ್ನು ಮೇಜಿನ ಮೇಲಿಟ್ಟ. ಅದು ಅವನ ಅಪ್ಪನ ಬಂದೂಕು. ಟೈಲರ್‌ನ ಕಡೆ ತಿರುಗಿ, ಮೆಲ್ಲಗೆ ಕೇಳಿದ: "ಭಾವ, ನೀವು ಹೊಟ್ಟೆ ಸೀಳಿದ್ರಿ ತಾನೇ?"

ಟೈಲರ್ ಹೌದೆನ್ನುವ ಹಾಗೂ ಅಲ್ಲವೆನ್ನುವ ಹಾಗೂ ತಲೆಯಾಡಿಸಿದ. ಅವನ ಹೆಂಡತಿ ಹೊಲಿಗೆಯ ಹತ್ತಿರ ಬಗ್ಗಿ ನೋಡಿದಳು. ಹನ್ನೊಂದು ವರ್ಷ ಅವನ ಬಟ್ಟೆಗಳಿಗೆ ಕಾಜಾ ಹಾಕಿದವಳು ಅವಳು. ಎದ್ದು ಬಂದು ಗಂಡನ ಪಕ್ಕ ನಿಂತು, ನನಗೂ ಕೇಳಿಸುವಷ್ಟು ಮೆತ್ತಗೆ, "ಇದು ನಿಮ್ಮ ಕೈ" ಎಂದಳು. ಅವನು ಕಣ್ಣಿನಲ್ಲೇ ಅಂಗಲಾಚಿದ. "ನಮ್ಮಣ್ಣನ ಬಂದೂಕು ಹೋಗ್ತಿದೆ. ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ನೂರರವರೆಗೆ ಎಣಿಸುತ್ತೇನೆ ಎಂದಳು. ನಿಜವಾಗಿಯೂ ಎಣಿಸತೊಡಗಿದಳು.

ಅವಳು ಅರವತ್ತು ದಾಟಿರಬೇಕು, ಅಷ್ಟರಲ್ಲಿ ಹಂದಿ ಫಾರಂ ಯಜಮಾನ ಸುದ್ದಿ ಕೇಳಿ ಓಡಿ ಬಂದ. ದಷ್ಟಪುಷ್ಟವಾದ ಹಂದಿ, ವಾರಸುದಾರನಿಲ್ಲ, ಇನ್ಸ್‌ಪೆಕ್ಟರ್ ಯಾರದೆಂದು ಕೇಳುತ್ತಿದ್ದಾರೆ. ಮನುಷ್ಯನ ಹೃದಯ ಕರಗುವುದಕ್ಕೆ ಇಷ್ಟು ಸಾಕು. ಅವನು ಹಂದಿಯ ಕತ್ತು ತಬ್ಬಿಕೊಂಡು ಅತ್ತೇಬಿಟ್ಟ. ಹೋದ ವಾರ ಬೇಲಿ ಹಾರಿ ಹೋದವನು ಇವನೇ ಎಂದ. ಇಷ್ಟುದ್ದದ ಕೋರೆ ಸಾಕಿದ ಹಂದಿಗೆ ಹೇಗೆ ಬಂತು ಎಂದು ನಾನು ಕೇಳಿದೆ. ಮುದ್ದು ಜಾಸ್ತಿಯಾಗಿ ಎಂದ. ಹೊಲಿಗೆ? ಅದು ಚಮಚ ನುಂಗಿತ್ತು, ಆಪರೇಷನ್ ಮಾಡಿಸಿ ತೆಗೆಸಿದೆ ಎಂದ. ಇನ್ಸ್‌ಪೆಕ್ಟರ್ ತಮ್ಮ ತರ್ಕಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದಕ್ಕೆ ಹಿಗ್ಗಿ ಚಮಚ ಎಂದು ಬರೆದುಕೊಂಡರು.

ಯಜಮಾನ ಅಲ್ಲಿಗೇ ನಿಲ್ಲಿಸಿದ್ದರೆ ಹಂದಿ ಅವನದಾಗುತ್ತಿತ್ತೋ ಏನೋ. ಆದರೆ ಸುಳ್ಳಿಗೆ ಒಗ್ಗರಣೆ ಹಾಕುವ ಆಸೆ ಯಾರಿಗೆ ತಾನೇ ಇಲ್ಲ? ಹೊಲಿಗೆಯ ಮೇಲೆ ಬೆರಳಾಡಿಸುತ್ತ ಅವನು, "ನೋಡಿ ಸಾರ್, ಯಾವನೋ ಕಂಪೌಂಡರ್ ಕೈಗೆ ಬಂದ ಹಾಗೆ ಎಳೆದುಬಿಟ್ಟ. ಗೋಣಿಚೀಲ ಹೊಲಿಯೋನೂ ಇದಕ್ಕಿಂತ ಚೆನ್ನಾಗಿ ಹೊಲೀತಾನೆ" ಎಂದ.

ಹೌದೆಂದು ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಬಹಳ ಕೆಟ್ಟ ಕೆಲಸ ಎಂದರು.

ಟೈಲರ್ ಸುಳ್ಳುಗಾರ ಎನ್ನಿಸಿಕೊಳ್ಳಬಲ್ಲ. ಹೇಡಿ ಎನ್ನಿಸಿಕೊಳ್ಳಬಲ್ಲ. ಭಾವನ ಬಂದೂಕು ಹೋಗುವುದನ್ನೂ, ದೇವರು ಮೆಚ್ಚದಿದ್ದರೂ, ಇನ್ನು ಇಪ್ಪತ್ತು ಎಣಿಕೆಯವರೆಗೆ ನೋಡುತ್ತ ನಿಲ್ಲಬಲ್ಲವನಾಗಿದ್ದ. ಇದನ್ನು ಮಾತ್ರ ತಡೆಯಲಾರದೆ ಹೋದ.

"ಯಾರ ಹೊಲಿಗೆ ಕೆಟ್ಟದ್ದು?" ಎಂದು ಜನರನ್ನು ಸೀಳಿಕೊಂಡು ಮುಂದೆ ಬಂದ. "ಒಂಬತ್ತು ಹೊಲಿಗೆಗೆ ಒಂದು ಗಂಟು. ಎಣಿಸಿ ನೋಡ್ರೀ. ಒಂದು ಕಡೆ ಹರಿದ್ರೂ ಒಂಬತ್ತು ದಾಟಿ ಬಿಚ್ಚಲ್ಲ. ನಮ್ಮ ಗುರುಗಳು ಹೇಳಿಕೊಟ್ಟಿದ್ದು, ಈ ಊರಲ್ಲಿ ಇದು ಬರೋದು ನನಗೊಬ್ಬನಿಗೇ. ನಾನು ಹೊಲಿದಿದ್ದು ಇದು. ಇವತ್ತು ಬೆಳಗ್ಗೆ."

ಎಣಿಸುವುದನ್ನು ಅವನ ಹೆಂಡತಿ ಎಂಬತ್ತೊಂದಕ್ಕೆ ನಿಲ್ಲಿಸಿದಳು.

ಇನ್ಸ್‌ಪೆಕ್ಟರ್ ನಂಬಲಿಲ್ಲ. ಭಾವನನ್ನು ಉಳಿಸಲು ಹೇಳುತ್ತಿದ್ದೀಯ, ರುಜುವಾತು ಎಲ್ಲಿ ಎಂದರು. ಟೈಲರ್ ಬಹಳ ವಿನಯದಿಂದ, "ಅದರ ಮೇಲೆ ತಾವೇ ಕೂತ್ಕೋತೀರಲ್ಲ ಸಾರ್. ಸ್ವಲ್ಪ ಆ ಕಡೆ ತಿರುಗಿ" ಎಂದ.

ಮೊಳೆಗೆ ಸಿಕ್ಕಿ ಹಿಂಬದಿ ಹರಿದಿದ್ದ ಅವರ ಪ್ಯಾಂಟನ್ನು ಅವನೇ ಕೈಹೊಲಿಗೆಯಲ್ಲಿ ಸರಿಮಾಡಿದ್ದ. ಅದೇ ದಾರ, ಅದೇ ಗಂಟು. ಇನ್ಸ್‌ಪೆಕ್ಟರ್ ಕೆಂಪಾದರು. ಆದರೆ ಪ್ರಾಮಾಣಿಕರು ಎಂದು ಆಗಲೇ ಹೇಳಿದೆನಲ್ಲ. ಸಾಕ್ಷ್ಯ ತಮ್ಮ ಮೈಮೇಲೇ ಇದ್ದರೂ ಸಾಕ್ಷ್ಯವೇ. ಹೆಂಗಸರನ್ನೆಲ್ಲ ಆಚೆ ತಿರುಗಿ ನಿಲ್ಲಲು ಹೇಳಿ, ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು. ನಿಷ್ಪಕ್ಷಪಾತಿ ಬೇಕಾಗಿತ್ತು. ಗಡಿಯಾರದವನ ಹತ್ತಿರ ಭೂತಗನ್ನಡಿ ಇದೆಯಲ್ಲ ಎಂದಿತು ಜನ.

ನಾನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮಂಡಿಯೂರಿದೆ. ಸರ್ಕಾರವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಒಂಬತ್ತು ಹೊಲಿಗೆ, ಗಂಟು. ಒಂಬತ್ತು ಹೊಲಿಗೆ, ಗಂಟು. ಎದ್ದು ಹಂದಿಯ ಹತ್ತಿರ ಹೋದೆ. ಒಂಬತ್ತು ಹೊಲಿಗೆ, ಗಂಟು. ಎರಡೂ ಒಂದೇ ಎಂದು ಘೋಷಿಸಿದೆ. ಹೊಲಿಗೆಯ ಮಟ್ಟಿಗೆ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಇನ್ಸ್‌ಪೆಕ್ಟರ್ ತಾವೇ ಬಿಚ್ಚಲು ಹೇಳಿದರು. ಟೈಲರ್ ಸಣ್ಣ ಕತ್ತರಿ ತೆಗೆದು ಗಂಟುಗಳನ್ನು ಒಂದೊಂದಾಗಿ ಬಿಡಿಸುತ್ತ, ಬಂದ ದಾರವನ್ನು ಉಂಡೆಗೆ ಸುತ್ತುತ್ತ ಹೋದ. ದಾರ ಬಿಸಾಡುವುದು ಅವನ ಜಾತಕದಲ್ಲೇ ಇಲ್ಲ. ಹೊಟ್ಟೆ ತೆರೆಯಿತು. ಒಳಗೆ ತೊಳೆದಿಟ್ಟ ಪಾತ್ರೆಯಂತೆ ಖಾಲಿ. ಚಮಚವಿರಲಿ, ಚಮಚ ಇರಬೇಕಾಗಿದ್ದ ಜಾಗವೇ ಇರಲಿಲ್ಲ. ಇನ್ಸ್‌ಪೆಕ್ಟರ್ ಫಾರಂ ಯಜಮಾನನನ್ನು ಹುಡುಕಿದರು. ಅವನು ಯಾವಾಗಲೋ ಬೇಲಿ ಹಾರಿದ್ದ.

ಮೊಹರು ಬಿತ್ತು. ಬಂದೂಕು ಭಾವನ ಕೈಗೆ ಬಂತು. ಆದರೆ ಅವನು ಅದನ್ನು ನೋಡಲೇ ಇಲ್ಲ.

"ನಿಜ ಹೇಳಿ. ಎಷ್ಟು ಸುಲಿದಿದ್ದೀರಿ ಇದುವರೆಗೆ?"

"ಸುಲಿದಿಲ್ಲ ಭಾವ. ಸೀಳಿದ್ದು ಇದೇ ಮೊದಲು. ಅದೂ ಕತ್ತರೀಲಿ" ಎಂದು ಟೈಲರ್ ಅಪ್ಪನ ಚೂರಿಯನ್ನು ಸುತ್ತಿದ ಬಟ್ಟೆಯ ಸಮೇತ ಮುಂದಕ್ಕೆ ಚಾಚಿದ. ಗಂಟು ಬಿಚ್ಚಿಯೇ ಇರಲಿಲ್ಲ. ನನಗೂ ನಗು ಬರಲಿಲ್ಲ.

ಭಾವ ಕಣ್ಣನ್ನು ಅರ್ಧ ಮುಚ್ಚಿಕೊಂಡು ಹಂದಿಯ ಒಳಗೆ ಇಣುಕಿ ನೋಡಿದ. ಕರುಳು ತೂತಾಗಿ ಕೊಳೆ ಚೆಲ್ಲಿದ ಗುರುತು ಒಂದೂ ಇಲ್ಲ. ಮೇಲಿನ ಬಟ್ಟೆ ಕತ್ತರಿಸುವಾಗ ಒಳಗಿನ ಲೈನಿಂಗಿಗೆ ತಾಗಿಸದವನ ಕೈ ಅದು.

"ಅಪ್ಪನಿಗೆ ಗೊತ್ತಿತ್ತು. ನೀವು ಹೆಣ್ಣು ಕೇಳೋಕೆ ಬಂದ ದಿನಾನೇ ಹೇಳಿದ್ರು" ಎಂದ ಭಾವ. "ಈ ಹುಡುಗ ಹಂದಿ ಮುಟ್ಟಿದೋನಲ್ಲ, ಬೆರಳು ನೋಡು ಅಂದ್ರು. ಆದ್ರೆ ಕೈ ನಿಧಾನ, ಯಾರಿಗೂ ಚುಚ್ಚಲ್ಲ, ಹುಡುಗೀನ ಕೊಡಬಹುದು ಅಂದ್ರು."

ಟೈಲರ್ ಹೆಂಡತಿಯನ್ನು ನೋಡಿದ. ಅವಳಿಗೂ ಗೊತ್ತಿತ್ತು ಎಂಬುದು ಅವಳು ಪಾತ್ರೆಯ ಅಂಚನ್ನು ಸೆರಗಿನಲ್ಲಿ ಒರೆಸುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಹಾಗಾದರೆ ಗೊತ್ತಿದ್ದೂ ತನಗೇಕೆ ಚೂರಿ ಕೊಟ್ಟಿರಿ ಎಂದು ಕೇಳಿದ. ಆರಡಿಯ ಆಳು ಆಚೀಚೆ ನೋಡಿ, ಬಗ್ಗಿ, ಅವನ ಕಿವಿಯಲ್ಲಿ ಹೇಳಿದ. ಹಲಗೆಯ ಗೋಡೆಯಿಂದ ಪಳಗಿದ ನನ್ನ ಕಿವಿಗೆ ಅದೂ ಬಿತ್ತು.

"ನನಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ ಭಾವ. ಇನ್ಯಾರ ಹತ್ರ ಹೇಳ್ಕೊಳ್ಳಲಿ?"

ಸುಲಿಯುವುದಕ್ಕೆ ಸಂಜೆಯವರೆಗೆ ಹಿಡಿಯಿತು. ಹಂದಿಯ ಚರ್ಮ ಆಡಿನದರಂತೆ ಎಳೆದರೆ ಬರುವುದಿಲ್ಲ, ಅಂಗುಲ ಅಂಗುಲವಾಗಿ ಬಿಡಿಸಬೇಕು. ಅಂಗುಲದ ವಿಷಯದಲ್ಲಿ ಟೈಲರ್‌ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಬೆನ್ನಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಾವನ ಚೂರಿಯನ್ನು ಕೊನೆಗೂ ಬಿಚ್ಚಿ, ಹೆಂಡತಿ ಕಾಲು ಹಿಡಿದಿರಲು ಅವನು ಸುಲಿದ. ಭಾವ ದೂರದಲ್ಲಿ ಬೆನ್ನು ಮಾಡಿ ಕೂತು ನೊಣ ಓಡಿಸಿದ. ಗಂಟೆಗೊಂದು ಸಲ ನಾನು ವೇಳೆ ಹೇಳಿದೆ, ಯಾರೂ ಕೇಳಲಿಲ್ಲ.

ಈಗ ಟೈಲರ್ ಕೇಳಿದವರಿಗೆಲ್ಲ ತಾನು ಸುಲಿದದ್ದು ಒಂದೇ ಹಂದಿ ಎನ್ನುತ್ತಾನೆ. ದೊಡ್ಡವರ ವಿನಯವೇ ಹೀಗೆ ಎಂದು ಜನ ತಲೆದೂಗಿ, ಅವನು ಅತ್ತ ಹೋದ ಮೇಲೆ ನಲವತ್ತೊಂದು ಎನ್ನುತ್ತಾರೆ.

ಇನ್ನೊಂದು ಮಾತು. ಇನ್ಸ್‌ಪೆಕ್ಟರರ ಎರಡನೇ ಪ್ಯಾಂಟು ಮರುದಿನವೇ ತಯಾರಾಯಿತು. ಹೇಳಿದ ದಿನಕ್ಕೆ ಅವನು ಕೊಟ್ಟ ಮೊದಲ ಬಟ್ಟೆ ಅದು. ಅವನ ಹತ್ತಿರ ಇದ್ದ ಖಾಕಿ ದಾರ ಆ ಒಂದೇ ಉಂಡೆ ಎಂಬುದು ನನಗೆ ಗೊತ್ತು. ನನ್ನ ಹತ್ತಿರ ಭೂತಗನ್ನಡಿ ಇದೆ ನಿಜ, ಆದರೆ ಎಲ್ಲವನ್ನೂ ನೋಡಲೇಬೇಕೆಂಬ ನಿಯಮವೇನೂ ಇಲ್ಲ. ಇನ್ಸ್‌ಪೆಕ್ಟರ್ ಈಗ ಮಾರ್ಕೆಟ್ಟಿನಲ್ಲಿ ನಡೆದು ಹೋಗುವಾಗ ನಾಲ್ಕೈದು ನಾಯಿಗಳು ಬಹಳ ಗೌರವದಿಂದ, ಒಂದು ಮಾರು ದೂರದಲ್ಲಿ ಹಿಂಬಾಲಿಸುತ್ತವೆ.